ಅರವತ್ತಾದ ಮೇಲೂ ಆಸೆ ಇರುತ್ತದೆ

ಮಾನ್ಯರೇ,

ವಯಸ್ಸಾದವರ ಮಂಡಿನೋವು, ಸಕ್ಕರೆ ಕಾಯಿಲೆ, ಮರೆವಿನ ಬಗ್ಗೆ ಪತ್ರಿಕೆಯಲ್ಲಿ ಬೇಕಾದಷ್ಟು ಬರುತ್ತದೆ. ದಾಂಪತ್ಯ ಸುಖದ ಮಾತು ಮಾತ್ರ ಇಲ್ಲ. ಈ ವಯಸ್ಸಲ್ಲಿ ಅದೆಲ್ಲ ಯಾಕೆ ಅಂತ, ಅಲ್ವಾ? 2007ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ 65ರಿಂದ 74 ವರ್ಷದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಲೈಂಗಿಕವಾಗಿ ಸಕ್ರಿಯರಾಗಿದ್ದರು.

ಮುಟ್ಟು ನಿಂತ ಮೇಲೆ ಯೋನಿ ಒಣಗಿ ನೋವಾಗುವುದು ಸಾಮಾನ್ಯ. ಅದಕ್ಕೆ ಜೆಲ್, ಹಾರ್ಮೋನ್ ಕ್ರೀಮ್ ಇವೆ. ಕೆಲವು ಬಿಪಿ ಮಾತ್ರೆಗಳಿಂದ ಗಂಡಸರಿಗೆ ನಿಮಿರುವಿಕೆಯ ತೊಂದರೆ ಆಗಬಹುದು. ಡಾಕ್ಟರು ಮಾತ್ರೆ ಬದಲಿಸಿ ಕೊಡುತ್ತಾರೆ. ಕೇಳಲು ನಾಚಿಕೊಂಡು ಸುಮ್ನೆ ವಯಾಗ್ರ ತಂದು ನುಂಗಬಾರದು. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ವಯಾಗ್ರವನ್ನೂ ನುಂಗಿದರೆ ಬಿಪಿ ದಿಢೀರನೆ ಕುಸಿದು ಪ್ರಾಣಕ್ಕೇ ಕುತ್ತು.

ಕೈ ಹಿಡಿದು ಮಲಗಿದರೆ ಸಾಕು ಅನ್ನುವವರೂ ಇದ್ದಾರೆ, ಸರಿಯೇ. ಮುಂದಿನ ಆರೋಗ್ಯ ಪುರವಣಿಯಲ್ಲಿ ಇದಕ್ಕೂ ಅರ್ಧ ಪುಟ ಕೊಡಿ. ನಮ್ಮ ಮಕ್ಕಳು ಓದಿದರೆ ಓದಲಿ.

— ಹಿರಿಯ ಓದುಗರೊಬ್ಬರು