ಗುಪ್ತಶೆಟ್ಟಿಹಳ್ಳಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮಗಳು ಗ್ರಾಮ ಆಡಳಿತ ಅಧಿಕಾರಿಯಾಗಿ ಆಯ್ಕೆಯಾದ ಸುದ್ದಿ ಓದಿ ಮನೆಯವರೆಲ್ಲ ಸಂತೋಷಪಟ್ಟೆವು. ಕೆಲಸಕ್ಕೆ ಸೇರುವ ಮೊದಲು ಅವಳಿಗೆ ನಾಲ್ಕು ಮಾತು ಬರೆದು ಕಳಿಸು ಎಂದು ಕೇಳಿದ್ದೀಯ. ನಾನು ಒಬ್ಬರ ವಿಷಯ ಮಾತ್ರ ಬರೆಯುತ್ತೇನೆ. ಐಪಿಎಸ್ ಅಧಿಕಾರಿಯಾಗಿದ್ದ ಮಧುಕರ ಶೆಟ್ಟರ ವಿಷಯ. ಅವರು ತೀರಿಕೊಂಡಾಗ ಅವಳಿನ್ನೂ ಹೈಸ್ಕೂಲಿನಲ್ಲಿದ್ದಳು. ಹೆಸರು ಕೇಳಿರಬಹುದು, ಅಷ್ಟೇ.

ನನ್ನ ಅಪ್ಪ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು ಎಂಬುದು ನಿನಗೆ ಗೊತ್ತಿದೆ. ನಿನಗೆ ಹೇಳದ ಸಂಗತಿಯೊಂದಿದೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಆ ತೋಟದ ಬೇಲಿ ದುರಸ್ತಿಯಾಗುತ್ತಿತ್ತು. ಪ್ರತಿ ದುರಸ್ತಿಯಲ್ಲೂ ಬೇಲಿ ಹತ್ತಿಪ್ಪತ್ತು ಮಾರು ಗುಡ್ಡದ ಕಡೆಗೆ ಸರಿಯುತ್ತಿತ್ತು. ಒಳಗೆ ಬಂದ ಜಾಗದಲ್ಲಿ ಒಂದು ಸಾಲು ಸಿಲ್ವರ್ ಓಕ್, ಅದರ ನಡುವೆ ಕಾಫಿ ಗಿಡ. ಐದಾರು ವರ್ಷ ಕಳೆದರೆ ಅದು ಹಿಂದೊಮ್ಮೆ ದನ ಮೇಯುವ ಗೋಮಾಳವಾಗಿತ್ತು ಎಂದರೆ ಯಾರೂ ನಂಬುವಂತಿರಲಿಲ್ಲ. ಆ ಜಾಗದಲ್ಲಿ ದುಡಿದವರ ಕೂಲಿಯನ್ನು ಅಪ್ಪ ತೋಟದ ಹಾಜರಿ-ಕೂಲಿಯ ಪುಸ್ತಕವಾದ ಚೆಕ್‌ರೋಲಿನಲ್ಲಿ ಬರೆಯದೆ ಬೇರೆಯೇ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಹಾಗೆ ಬರೆಯಬೇಕೆಂದು ಅವರಿಗೆ ಹೇಳಲಾಗಿತ್ತು. ಆ ಪುಸ್ತಕದ ನೀಲಿ ರಟ್ಟು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಗಿಡ ನೆಟ್ಟವರು, ಕಳೆ ತೆಗೆದವರು, ಹಣ್ಣು ಕೊಯ್ದವರು ಎಲ್ಲರೂ ಲೈನ್ ಮನೆಯವರು, ಅಂದರೆ ತೋಟದವರು ಕಟ್ಟಿಸಿಕೊಟ್ಟ ಸಾಲುಮನೆಗಳಲ್ಲಿದ್ದ ಕೂಲಿಯವರು. ಮೂರು ತಲೆಮಾರು ದುಡಿದರೂ ಅವರ ಹೆಸರಿನಲ್ಲಿ ಒಂದು ಸೆಂಟ್ಸ್ ಜಾಗ ಇರಲಿಲ್ಲ. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಸತ್ತವರನ್ನು ಹೂಳಲು ಸಾಹುಕಾರರನ್ನು ಕೇಳಿ ಬಾ ಎಂದು ನನ್ನ ಓರಗೆಯ ಹುಡುಗನನ್ನು ಹಿರಿಯರು ರಾತ್ರಿ ಹೊತ್ತು ಬಂಗಲೆಗೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ.

ಇಂಥ ಚಿಕ್ಕಮಗಳೂರು ಜಿಲ್ಲೆಗೆ ಮಧುಕರ ಶೆಟ್ಟರು ಎಸ್‌ಪಿಯಾಗಿ ಬಂದರು. ಆಗ ಹರ್ಷ ಗುಪ್ತ ಜಿಲ್ಲಾಧಿಕಾರಿ. ಒತ್ತುವರಿ ತೆರವು ಎಂಬ ಮಾತು ಇಲ್ಲಿಗೆ ಹೊಸದಲ್ಲ. ನೋಟಿಸು ಹೊರಡುತ್ತದೆ, ಸರ್ವೆಯವರು ಬಂದು ಸರಪಳಿ ಎಳೆಯುತ್ತಾರೆ, ಆದೇಶವೂ ಆಗುತ್ತದೆ. ಆಮೇಲೆ? ಬೇಲಿ ಕೀಳಲು ಹೋದವರ ಬೆನ್ನಿಗೆ ಪೊಲೀಸರು ನಿಲ್ಲಬೇಕು. ಗಣೇಶನ ಮೆರವಣಿಗೆಯ ಕಾರಣಕ್ಕೋ ಮಂತ್ರಿಗಳ ಪ್ರವಾಸದ ಕಾರಣಕ್ಕೋ ಆ ದಿನ ಬಂದೋಬಸ್ತ್ ಸಿಗುವುದಿಲ್ಲ. ಅಷ್ಟರಲ್ಲಿ ಇನ್ನೊಂದು ಮಳೆಗಾಲ ಬಂದುಬಿಡುತ್ತದೆ. ಕಂದಾಯ ಇಲಾಖೆಯ ಕಾಗದಕ್ಕೆ ಪೊಲೀಸ್ ಇಲಾಖೆಯ ಕಾಲು ಕೂಡಿಬರದೆ ಎಷ್ಟು ಆದೇಶಗಳು ಕಡತದಲ್ಲೇ ಹಳದಿಯಾಗಿವೆಯೋ!

ಆ ಇಬ್ಬರ ಕಾಲದಲ್ಲಿ ಕಾಗದವೂ ಕಾಲೂ ಕೂಡಿಬಂದವು. ಪ್ರಭಾವಿಗಳ ಕೈಯಲ್ಲಿದ್ದ ಸರ್ಕಾರಿ ಜಮೀನು ತೆರವಾಯಿತು. ತೆರವಾದ ಜಾಗವನ್ನು ಭೂಮಿಯಿಲ್ಲದ ದಲಿತ ಕುಟುಂಬಗಳಿಗೆ ಹಂಚಿದರು. ಅಲ್ಲಿ ಮನೆ ಕಟ್ಟಿಕೊಂಡ ಜನ ತಮ್ಮ ಊರಿಗೆ ತಾವೇ ಹೆಸರಿಟ್ಟರು, ಗುಪ್ತಶೆಟ್ಟಿಹಳ್ಳಿ ಎಂದು. ದೇವರ ಹೆಸರೋ, ಮರದ ಹೆಸರೋ, ಪಾಳೆಯಗಾರನ ಹೆಸರೋ ಇರುವ ಊರುಗಳು ನಮ್ಮಲ್ಲಿ ಸಾವಿರಾರು ಇವೆ. ವರ್ಗಾವಣೆಯಾಗಿ ಹೋಗುವ ಇಬ್ಬರು ನೌಕರರ ಹೆಸರನ್ನು ಹೊಸೆದು ಇಟ್ಟ ಊರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಹೆಸರಿನ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಜನ ಬರೀ ಗುಪ್ತಹಳ್ಳಿ ಎನ್ನಲಿಲ್ಲ, ಬರೀ ಶೆಟ್ಟಿಹಳ್ಳಿ ಎನ್ನಲಿಲ್ಲ. ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಸವೆದವರಿಗೆ ಆಡಳಿತ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಸರಿಯಾಗಿಯೇ ಗೊತ್ತಿತ್ತು.

ಶೆಟ್ಟರು ಕುಂದಾಪುರದ ಕಡೆಯವರು, ಯಡಾಡಿಯವರು. ತಂದೆ ವಡ್ಡರ್ಸೆ ರಘುರಾಮ ಶೆಟ್ಟರು, 1984ರಲ್ಲಿ ಮಂಗಳೂರಿನಿಂದ ‘ಮುಂಗಾರು’ ದಿನಪತ್ರಿಕೆ ಹೊರಡಿಸಿದವರು. ಬಂಡವಾಳಗಾರರ ಹಂಗು ಬೇಡವೆಂದು ಓದುಗರನ್ನೇ ಒಡೆಯರನ್ನಾಗಿ ಮಾಡಲು ಹೊರಟ ಪತ್ರಿಕೆ ಅದು. ಅಂಥ ಮನೆಯಲ್ಲಿ ಬೆಳೆದ ಹುಡುಗ ದೆಹಲಿಯ ಜೆಎನ್‌ಯುನಲ್ಲಿ ಸಮಾಜಶಾಸ್ತ್ರ ಓದಿ, 1999ರ ತಂಡದಲ್ಲಿ ಐಪಿಎಸ್ ಸೇರಿದರು. ಬೇಲಿಯ ಆಚೆ ಯಾರಿದ್ದಾರೆ, ಈಚೆ ಯಾರಿದ್ದಾರೆ ಎಂದು ನೋಡುವ ಕಣ್ಣು ಅವರಿಗೆ ಖಾಕಿ ತೊಡುವ ಮೊದಲೇ ಬಂದಿತ್ತು ಎಂದು ನಾನು ನಂಬಿದ್ದೇನೆ.

ಮುಂದೆ ಬೆಂಗಳೂರಿನಲ್ಲಿ ಲೋಕಾಯುಕ್ತ ಎಸ್‌ಪಿಯಾದರು, ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಲೋಕಾಯುಕ್ತರಾಗಿದ್ದ ಕಾಲದಲ್ಲಿ. ಲಂಚದ ನೋಟಿಗೆ ಬಿಳಿ ಪುಡಿ ಸವರಿ ಕೊಡುವುದು, ಪಡೆದವರ ಬೆರಳನ್ನು ದ್ರಾವಣದಲ್ಲಿ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುವುದು, ಇವನ್ನೆಲ್ಲ ನಾವು ಆ ವರ್ಷಗಳ ಪತ್ರಿಕೆಗಳಲ್ಲಿ ಓದಿ ಓದಿ ಬಾಯಿಪಾಠ ಮಾಡಿದ್ದೆವು, ನೆನಪಿದೆಯೇ? ನಂತರ ಅವರು ರಜೆಯ ಮೇಲೆ ಅಮೆರಿಕದ ಆಲ್ಬನಿಗೆ ಹೋಗಿ ಸಾರ್ವಜನಿಕ ಆಡಳಿತದಲ್ಲಿ ಡಾಕ್ಟರೇಟ್ ಪಡೆದರು, ಮರಳಿ ಬಂದರು. ಹೈದರಾಬಾದಿನ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಲ್ಲಿ ಉಪನಿರ್ದೇಶಕರಾಗಿ, ಹೊಸದಾಗಿ ಐಪಿಎಸ್ ಸೇರಿದವರಿಗೆ ಪಾಠ ಹೇಳುತ್ತಿದ್ದರು. ಅಲ್ಲಿಯೇ ಎಚ್1ಎನ್1 ಜ್ವರ ತಗುಲಿತು. 2018ರ ಡಿಸೆಂಬರ್ 28ರಂದು ಹೋಗಿಬಿಟ್ಟರು. ವಯಸ್ಸು 47.

ಅದು ಕಾಫಿ ಕೊಯ್ಲಿನ ಸಮಯ. ಟಿ.ವಿ.ಯಲ್ಲಿ ಸುದ್ದಿ ಬಂದಾಗ ಅಪ್ಪ ಊಟದ ತಟ್ಟೆಯ ಮುಂದೆ ಕುಳಿತಿದ್ದರು. ಎದ್ದು ಕೈ ತೊಳೆದರು. ಬಹಳ ಹೊತ್ತಿನ ಮೇಲೆ, ‘ಆ ನೀಲಿ ಪುಸ್ತಕವನ್ನು ನಾನು ಯಾರಿಗಾದರೂ ತೋರಿಸಬೇಕಿತ್ತು’ ಎಂದರು. ಅಷ್ಟು ವರ್ಷಗಳಲ್ಲಿ ಆ ವಿಷಯ ಅವರ ಬಾಯಿಂದ ಬಂದದ್ದು ಅದೊಂದೇ ಸಲ. ತೋರಿಸಲು ಅವರಿಗೆ ಧೈರ್ಯವಿರಲಿಲ್ಲ ಎಂದು ನಾನು ಹೇಳಲಾರೆ. ತೋರಿಸಿದರೆ ಓದುವವರು ಒಬ್ಬರಾದರೂ ಇದ್ದಾರೆ ಎಂಬ ಭರವಸೆ ಅವರಿಗಿರಲಿಲ್ಲ.

ನಿನ್ನ ಮಗಳಿಗೆ ಹೇಳಬೇಕಾದದ್ದು ಇಲ್ಲಿದೆ ಗೆಳೆಯಾ. ಗುಪ್ತಶೆಟ್ಟಿಹಳ್ಳಿಯ ಹೆಸರಿನಲ್ಲಿ ಇಬ್ಬರಿದ್ದಾರೆ. ಆದರೆ ಎಂಥ ಜಿಲ್ಲಾಧಿಕಾರಿಯೂ ಎಂಥ ಎಸ್‌ಪಿಯೂ ಮೊದಲು ನೋಡುವುದು ಕೆಳಗಿನಿಂದ ಬಂದ ಒಂದು ಹಾಳೆಯನ್ನು. ಜಾಗಕ್ಕೆ ಹೋಗಿ, ನಾಲ್ಕು ದಿಕ್ಕಿನ ಚೆಕ್ಕುಬಂದಿ, ಅಂದರೆ ಗಡಿ ಬರೆದು, ಸ್ವಾಧೀನದಲ್ಲಿ ಯಾರಿದ್ದಾರೆ ಎಂದು ಕಾಣಿಸಿ, ಪಂಚರ, ಅಂದರೆ ಸಾಕ್ಷಿಗಳ ಸಹಿ ಹಾಕಿಸಿದ ಮಹಜರು. ಆ ಹಾಳೆಯಲ್ಲಿ ಗೋಮಾಳವನ್ನು ಗೋಮಾಳವೆಂದೇ ಬರೆದಿದ್ದರೆ ಮೇಲಿನವರು ಮುಂದುವರಿಯಬಹುದು. ತೋಟದ ಬಂಗಲೆಯಲ್ಲಿ ಕಾಫಿ ಕುಡಿಯುತ್ತಾ ಬರೆದಿದ್ದರೆ ಅಲ್ಲಿಗೇ ಮುಗಿಯಿತು. ಇನ್ನು ಮೇಲೆ ಅದನ್ನು ಬರೆಯುವವಳು ಅವಳು. ಜಾಗಕ್ಕೆ ಹೋಗದೆ ಒಂದು ಮಹಜರನ್ನೂ ಬರೆಯಬೇಡ ಎಂದು ನನ್ನ ಪರವಾಗಿ ಹೇಳು. ಲೈನ್ ಮನೆಯವರನ್ನೂ ಪಂಚರನ್ನಾಗಿ ಕರೆ ಎಂದು ಹೇಳು. ಬೇಲಿ ಯಾವಾಗ ಎಲ್ಲಿತ್ತು ಎಂಬುದು ಅವರಿಗೆ ಗೊತ್ತಿರುತ್ತದೆ, ಅದನ್ನು ನೆಟ್ಟವರು ಅವರೇ.

ನೇಮಕದ ಆದೇಶ ಕೈಗೆ ಬಂದ ಮೇಲೆ ಎರಡು ದಿನ ಬಿಡುವು ಮಾಡಿಕೊಂಡು ಅವಳನ್ನು ಕರೆದುಕೊಂಡು ಬಾ. ಅಪ್ಪನಿಗೆ ಈಗ ಕಣ್ಣು ಮಂಜು, ಆದರೂ ಹಳೆಯ ಬೇಲಿ ಎಲ್ಲಿತ್ತೆಂದು ಕೋಲು ತೋರಿಸಿ ಹೇಳಬಲ್ಲರು.

ನಿನ್ನ ದಾರಿ ಕಾಯುತ್ತಿರುವ
ಗೆಳೆಯ