ಡ್ರಾಹೆಡಾವನ್ನು ಸಿಟಿ ಮಾಡಿ ಸ್ವಾಮಿ: ಐರ್ಲೆಂಡಿನ ಸ್ಥಳೀಯ ಆಡಳಿತ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ವಸತಿ, ಸ್ಥಳೀಯ ಆಡಳಿತ ಮತ್ತು ಪರಂಪರೆ ಸಚಿವರೇ,

ನಮಸ್ಕಾರ. ಪತ್ರ ಕನ್ನಡದಲ್ಲಿದೆ ಅಂತ ಗಾಬರಿ ಆಗಬೇಡಿ. ಇದೇ ವಿಷಯವನ್ನು ಡ್ರಾಹೆಡಾದ ಜನ ನಿಮ್ಮ ಹಿಂದಿನ ಸಚಿವರಿಗೂ ಅವರ ಹಿಂದಿನವರಿಗೂ ಇಂಗ್ಲಿಷಿನಲ್ಲೇ ಹೇಳಿದ್ದಾರೆ, ಸಂಸತ್ತಿನಲ್ಲಿ ಪ್ರಶ್ನೆ ಕೇಳಿಸಿದ್ದಾರೆ, ವರ್ಷಗಟ್ಟಲೆ ಬೆನ್ನು ಹತ್ತಿದ್ದಾರೆ. ಏನೂ ಆಗಲಿಲ್ಲ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೇಳಿದ್ದಕ್ಕೇ ಇಷ್ಟು ಅಂದಮೇಲೆ, ನನ್ನ ಭಾಷೆಯಲ್ಲಿ ಬರೆದು ನನ್ನ ಹೊಟ್ಟೆಯುರಿಯನ್ನಾದರೂ ಕಡಿಮೆ ಮಾಡಿಕೊಳ್ಳುತ್ತೇನೆ. ಡಬ್ಲಿನ್‌ನಲ್ಲಿ ಕನ್ನಡ ಬರುವವರು ಬೇಕಾದಷ್ಟು ಜನ ಇದ್ದಾರೆ. ಯಾರನ್ನಾದರೂ ಕರೆದು ಓದಿಸಿಕೊಳ್ಳಿ.

ಬೇಡಿಕೆ ಒಂದೇ. ಡ್ರಾಹೆಡಾವನ್ನು ಕಾನೂನಿನಲ್ಲಿ ಸಿಟಿ ಅಂತ ಬರೆಯಿರಿ, ಅದಕ್ಕೆ ಅದರದ್ದೇ ಒಂದು ಕೌನ್ಸಿಲ್ ಕೊಡಿ.

ನಿಮಗೆ ಇದೆಲ್ಲ ಗೊತ್ತು. ಓದುತ್ತಿರುವ ಕನ್ನಡದವರಿಗಾಗಿ ಹೇಳುತ್ತೇನೆ. ಡಬ್ಲಿನ್‌ನಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್, ಬಾಯ್ನ್ ನದಿಯ ಎರಡೂ ದಡದ ಮೇಲೆ ಕೂತಿರುವ ಊರು ಇದು. ಬೆಳಗಿನ ಡಬ್ಲಿನ್ ರೈಲು ಹತ್ತಿದರೆ ಪಕ್ಕದಲ್ಲಿ ಕನ್ನಡ, ಹಿಂದೆ ಮಲಯಾಳಂ, ಎದುರಿಗೆ ಪೋಲಿಷ್. ಡಬ್ಲಿನ್‌ನಲ್ಲಿ ಮನೆ ಬಾಡಿಗೆ ಕಟ್ಟಲಾಗದವರೆಲ್ಲ ಇಲ್ಲಿಗೆ ಬಂದಿದ್ದೇವೆ. 2022ರ ಜನಗಣತಿ ಪ್ರಕಾರ ಇಲ್ಲಿ 44,135 ಜನ. ಇಡೀ ದೇಶದಲ್ಲಿ ಟೌನ್ ಅನ್ನಿಸಿಕೊಂಡಿರುವ ಊರುಗಳಲ್ಲಿ ಇದೇ ದೊಡ್ಡದು. ಡಬ್ಲಿನ್, ಕಾರ್ಕ್, ಲಿಮರಿಕ್, ಗಾಲ್ವೇ, ವಾಟರ್‌ಫರ್ಡ್ ಬಿಟ್ಟರೆ ಮುಂದಿನ ಹೆಸರು ನಮ್ಮದೇ.

ಆದರೆ ನಮಗಿಂತ ಎಷ್ಟೋ ಚಿಕ್ಕದಾದ ಕಿಲ್ಕೆನಿ ಸಿಟಿ. ಅದೇ ಜನಗಣತಿಯಲ್ಲಿ ಅಲ್ಲಿ 27,184 ಜನ. ಯಾಕೆ ಸಿಟಿ ಅಂದರೆ, 1609ರಲ್ಲಿ ಒಂದನೇ ಜೇಮ್ಸ್ ದೊರೆ ಸನ್ನದು ಕೊಟ್ಟಿದ್ದ. 2001ರ ಸ್ಥಳೀಯ ಆಡಳಿತ ಕಾಯ್ದೆಯ 10ನೇ ಸೆಕ್ಷನ್‌ನಲ್ಲಿ ಕಿಲ್ಕೆನಿ ತನ್ನನ್ನು ಸಿಟಿ ಅಂತ ಕರೆದುಕೊಳ್ಳುವುದಕ್ಕೆ ಏನೂ ಅಡ್ಡಿಯಿಲ್ಲ ಅಂತ ನೀವೇ ಒಂದು ಸಾಲು ಸೇರಿಸಿದ್ದೀರಿ. ಒಂದೇ ಒಂದು ಸಾಲು! ಕಿಲ್ಕೆನಿ ಮೇಲೆ ನನಗೆ ಸಿಟ್ಟಿಲ್ಲ, ಚೆನ್ನಾಗಿರುವ ಊರು, ಕೋಟೆ ನೋಡಿಕೊಂಡು ಬಂದಿದ್ದೇನೆ. ಆದರೆ ಸತ್ತು ನಾನೂರು ವರ್ಷವಾದ ಇಂಗ್ಲೆಂಡಿನ ದೊರೆಯ ಮಾತಿಗೆ ಗಣರಾಜ್ಯದ ಕಾನೂನಿನಲ್ಲಿ ಒಂದು ಸಾಲು ಸಿಗುತ್ತದೆ, ಜೀವಂತವಾಗಿರುವ 44 ಸಾವಿರ ಜನರ ಮಾತಿಗೆ ಸಿಗುವುದಿಲ್ಲ. ಇದು ಯಾವ ಲೆಕ್ಕ ಅಂತ ನೀವೇ ಹೇಳಬೇಕು.

ಹಳೆಯ ಸನ್ನದೇ ಬೇಕು ಅಂದರೆ ಅದೂ ಇದೆ. 1412ಕ್ಕಿಂತ ಮೊದಲು ಇದು ಒಂದು ಊರೇ ಆಗಿರಲಿಲ್ಲ. ನದಿಯ ಆ ಕಡೆ ಒಂದು ಡ್ರಾಹೆಡಾ, ಈ ಕಡೆ ಇನ್ನೊಂದು ಡ್ರಾಹೆಡಾ, ಇಬ್ಬರಿಗೂ ಬೇರೆ ಬೇರೆ ಆಡಳಿತ, ಇಬ್ಬರ ನಡುವೆ ಸುಂಕದ ಜಗಳ, ಹೊಡೆದಾಟ. ಫಿಲಿಪ್ ಬೆನೆಟ್ ಅನ್ನುವ ಡೊಮಿನಿಕನ್ ಪಾದ್ರಿ ಎರಡೂ ಕಡೆಯವರನ್ನು ಚರ್ಚಿಗೆ ಕರೆಸಿ, ಬುದ್ಧಿ ಹೇಳಿ, ಒಂದು ಮಾಡಿದ. ನಾಲ್ಕನೇ ಹೆನ್ರಿ 1412ರಲ್ಲಿ ಸನ್ನದು ಕೊಟ್ಟ. ಅಲ್ಲಿಂದ ಇದು ತನ್ನದೇ ಒಂದು ಕೌಂಟಿ, ಅಂದರೆ ನಮ್ಮ ಜಿಲ್ಲೆಯ ಹಾಗೆ. ಅಕ್ಕಪಕ್ಕದ ಕೌಂಟಿಗಳಾದ ಲೌತ್‌ಗೂ ಸೇರಿದ್ದಲ್ಲ, ಮೀತ್‌ಗೂ ಸೇರಿದ್ದಲ್ಲ. 1898ರ ಕಾಯ್ದೆ ಬರುವ ತನಕ ಹಾಗೇ ಇತ್ತು. ಆ ಕಾಯ್ದೆಯಲ್ಲಿ ಸ್ವಂತ ಕೌಂಟಿ ಕಳೆದುಕೊಂಡವು ನಾಲ್ಕು: ಗಾಲ್ವೇ, ಕಿಲ್ಕೆನಿ, ಕ್ಯಾರಿಕ್‌ಫರ್ಗಸ್, ಡ್ರಾಹೆಡಾ. ಕ್ಯಾರಿಕ್‌ಫರ್ಗಸ್ ಈಗ ಗಡಿಯಾಚೆ ಉತ್ತರ ಐರ್ಲೆಂಡಿನಲ್ಲಿದೆ, ಅದರ ಮಾತು ಬಿಡಿ. ಗಾಲ್ವೇ ಈಗ ಸಿಟಿ. ಕಿಲ್ಕೆನಿಯೂ ಸಿಟಿ. ನಾವು ಏನು ಪಾಪ ಮಾಡಿದ್ದೆವು?

ಇಲ್ಲಿ ಸಂಸತ್ತು ಸೇರುತ್ತಿತ್ತು. 1465ರಲ್ಲಿ ಇದೇ ಊರಲ್ಲಿ ಒಂದು ವಿಶ್ವವಿದ್ಯಾಲಯ ಮಾಡಬೇಕು ಅಂತ ಆ ಸಂಸತ್ತು ಕಾನೂನೇ ಪಾಸು ಮಾಡಿತ್ತು. ವಿಶ್ವವಿದ್ಯಾಲಯ ಇವತ್ತಿಗೂ ಬಂದಿಲ್ಲ, ಅದು ಬೇರೆ ಮಾತು. 1494ರಲ್ಲಿ, ಇಂಗ್ಲೆಂಡಿನ ದೊರೆಯ ಒಪ್ಪಿಗೆ ಇಲ್ಲದೆ ಐರಿಷ್ ಸಂಸತ್ತು ಏನೂ ಮಾಡಬಾರದು ಅನ್ನುವ ಪಾಯ್ನಿಂಗ್ಸ್ ಕಾನೂನು ಪಾಸಾಗಿದ್ದೂ ಇಲ್ಲೇ. ಮೇಲಿನವರನ್ನು ಕೇಳದೆ ಏನೂ ಮಾಡುವ ಹಾಗಿಲ್ಲ ಅನ್ನುವ ಆ ಪದ್ಧತಿಯನ್ನು ಬೇರೆ ಯಾರು ಮರೆತರೂ ಡ್ರಾಹೆಡಾದಲ್ಲಿ ಮಾತ್ರ ತಪ್ಪದೆ ಪಾಲಿಸುತ್ತಿದ್ದೇವೆ.

ಇನ್ನು 2014. ಜೂನ್ 1ರಂದು ಸರ್ಕಾರ ದೇಶದ 80 ಟೌನ್ ಕೌನ್ಸಿಲ್‌ಗಳನ್ನು ಒಂದೇ ಏಟಿಗೆ ಮುಚ್ಚಿತು. ನಮ್ಮೂರಿನ ಸ್ವಂತ ಕೌನ್ಸಿಲ್ ಆಗಿದ್ದ ಡ್ರಾಹೆಡಾ ಬರೋ ಕೌನ್ಸಿಲ್ ಕೂಡ ಹೋಯಿತು. ಖರ್ಚು ಉಳಿಯುತ್ತದೆ ಅಂದರು. ಈಗ ನಮಗೆ ಮೇಯರ್ ಇದ್ದಾರೆ, ಕೊರಳಿಗೆ ಸರ ಇದೆ, ಆದರೆ ಅವರ ಕೈಯಲ್ಲಿ ಸ್ವಂತ ಖಜಾನೆ ಇಲ್ಲ. ಬಜೆಟ್ ಆಗುವುದು 35 ಕಿಲೋಮೀಟರ್ ಆಚೆ ಡಂಡಾಕ್‌ನಲ್ಲಿ, ಲೌತ್ ಕೌಂಟಿ ಕೌನ್ಸಿಲ್‌ನಲ್ಲಿ. ಊರಿನ ದಕ್ಷಿಣದ ಅಂಚು ಮೀತ್ ಕೌಂಟಿಯಲ್ಲಿದೆ, ಅದರ ಬಜೆಟ್ ಆಗುವುದು ನ್ಯಾವನ್‌ನಲ್ಲಿ. ಪಾದ್ರಿ ಬೆನೆಟ್ ಕಷ್ಟಪಟ್ಟು ಸೇರಿಸಿದ್ದನ್ನು ನೀವು ಮತ್ತೆ ಎರಡು ಮಾಡಿ ಇಟ್ಟಿದ್ದೀರಿ. ಗಡಿ ಸರಿಮಾಡುತ್ತೇವೆ ಅಂತ 2015ರಲ್ಲಿ ಸಮಿತಿ ಮಾಡಿದಿರಿ. ಸಮಿತಿ ಕೂತಿತು, ಜನ ಅಹವಾಲು ಕೊಟ್ಟರು, ವರದಿ ಬಂತು. ಗಡಿ ಇದ್ದಲ್ಲೇ ಇದೆ.

ಆ ಗಡಿಯ ಮೀತ್ ಕಡೆಯ ಅಂಚಿನಲ್ಲೇ ನಮ್ಮ ಮನೆ. ಮಹಡಿಯ ಕಿಟಕಿಯಿಂದ ಸೇಂಟ್ ಪೀಟರ್ಸ್ ಚರ್ಚಿನ ಗೋಪುರ ಕಾಣುತ್ತದೆ. ಸಂತ ಆಲಿವರ್ ಪ್ಲಂಕೆಟ್‌ರ ತಲೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುವ ಚರ್ಚು ಅದು, ಊರಿನ ನಟ್ಟನಡುವೆ ಇದೆ. ಹಾಲು ತರುವುದು, ಮಗಳ ಈಜು ಕ್ಲಾಸು, ರೈಲು ಹಿಡಿಯುವುದು ಎಲ್ಲ ಡ್ರಾಹೆಡಾದಲ್ಲೇ. ಈ ದೇಶದ ಒಂದು ಒಳ್ಳೆಯ ಪದ್ಧತಿ ಏನೆಂದರೆ, ಪೌರತ್ವ ಇಲ್ಲದವರೂ ಸ್ಥಳೀಯ ಚುನಾವಣೆಯಲ್ಲಿ ಓಟು ಹಾಕಬಹುದು. 2024ರಲ್ಲಿ ನಾವೂ ಖುಷಿಯಿಂದ ಹೋಗಿ ಹಾಕಿದೆವು. ಯಾರಿಗೆ? ನ್ಯಾವನ್‌ನಲ್ಲಿ ಕೂರುವ ಕೌನ್ಸಿಲ್‌ಗೆ. ನಾವು ದಿನಾ ನಡೆದಾಡುವ ವೆಸ್ಟ್ ಸ್ಟ್ರೀಟ್ ಬಗ್ಗೆ ಮಾತಾಡುವವರನ್ನು ಆರಿಸುವ ಹಕ್ಕು ನಮಗಿಲ್ಲ.

ಈಗ ನನ್ನ ಕಥೆ ಕೇಳಿ. ಆರು ವರ್ಷದ ಮಗಳಿಗೆ ಕಿವಿನೋವು, ಜ್ವರ ಇಳಿಯುತ್ತಿರಲಿಲ್ಲ. ಇಲ್ಲಿ 8 ವರ್ಷದೊಳಗಿನ ಮಕ್ಕಳಿಗೆ ವೈದ್ಯರನ್ನು ನೋಡುವುದು ಉಚಿತ, ಸರ್ಕಾರ ಕಾರ್ಡ್ ಕೊಡುತ್ತದೆ. ಬಹಳ ಒಳ್ಳೆಯದು. ಆದರೆ ಆ ಕಾರ್ಡ್ ಬೇಕಾದರೆ ಮೊದಲು ನಿಮ್ಮ ಮಗುವನ್ನು ತೆಗೆದುಕೊಳ್ಳಲು ಒಪ್ಪಿದ ವೈದ್ಯರೊಬ್ಬರು ಬೇಕು. ನದಿಯ ಆಚೆಯ ಒಂದು ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಏರ್‌ಕೋಡ್ (ಇಲ್ಲಿನ ಪಿನ್‌ಕೋಡ್) ಕೇಳಿದರು, ಹೇಳಿದೆ. ಕೀಬೋರ್ಡ್ ಸದ್ದು. "ಓ, ನೀವು ಮೀತ್‌ನವರು. ನಿಮ್ಮ ಕಡೆಯೇ ಯಾರನ್ನಾದರೂ ನೋಡಿ." ಸರಿ, ನಮ್ಮ ಕಡೆ ಅಂದರೆ ಸಮುದ್ರದ ದಿಕ್ಕಿಗಿರುವ ಇನ್ನೊಂದು ಕ್ಲಿನಿಕ್ಕು. ಅಲ್ಲೂ ವಿಳಾಸ ಕೇಳಿದರು. ನಮ್ಮ ವಿಳಾಸದಲ್ಲಿ ಡ್ರಾಹೆಡಾ ಅಂತ ಇದೆ ನೋಡಿ. "ಸಾರಿ, ನಾವು ಈ ಭಾಗದವರನ್ನು ಮಾತ್ರ ತೆಗೆದುಕೊಳ್ಳುತ್ತೇವೆ, ನೀವು ಡ್ರಾಹೆಡಾದಲ್ಲಿ ವಿಚಾರಿಸಿ." ಹಿಂದೆ ಮಗು ಅಳುತ್ತಿದೆ, ನಾನು ಫೋನಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದೇನೆ. ಮೇಡಂ, ಇವರೂ ಇಲ್ಲ ಅನ್ನುತ್ತಾರೆ, ಅವರೂ ಇಲ್ಲ ಅನ್ನುತ್ತಾರೆ, ಹಾಗಾದರೆ ನಾವು ಇರುವುದಾದರೂ ಎಲ್ಲಿ ಅಂತ ಕೇಳಿದೆ. ಆಕೆ ನಕ್ಕರು. ಒಳ್ಳೆಯ ಮನಸ್ಸಿನಿಂದಲೇ ನಕ್ಕರು, ಅದೇ ಇನ್ನೂ ಸಂಕಟ. ಎರಡು ಮನೆಯ ನೆಂಟ ಉಪವಾಸ ಅನ್ನುತ್ತಾರಲ್ಲ, ನಮ್ಮದು ಹಾಗಾಯಿತು. ರಾತ್ರಿ ದುಡ್ಡು ಕೊಟ್ಟು, ಗಾಡಿ ಮಾಡಿಕೊಂಡು, ಡಬ್ಲಿನ್ ಕಡೆ ಹೋಗಿ ತೋರಿಸಿಕೊಂಡು ಬಂದೆವು. ಮೂವರು ವೈದ್ಯರು ಆಗುವುದಿಲ್ಲ ಅಂದರೆ ಆರೋಗ್ಯ ಸೇವೆಯವರೇ ಒಬ್ಬರನ್ನು ಗೊತ್ತು ಮಾಡುತ್ತಾರೆ ಅನ್ನುವ ನಿಯಮ ನಿಮಗೆ ಗೊತ್ತೇ ಇರುತ್ತದೆ. ಅಂದರೆ ಕಿವಿನೋವಿನ ಮಗುವಿಗೆ ಮೂರು "ಇಲ್ಲ"ಗಳನ್ನು ಕೂಡಿಸಿಟ್ಟುಕೊಂಡು ಅರ್ಜಿ ಹಾಕಬೇಕು. ಭೇಷ್.

ಸಿಟಿ ಅಂತ ಬೋರ್ಡ್ ಹಾಕಿದ ತಕ್ಷಣ ಡಾಕ್ಟರುಗಳು ಮೇಲಿಂದ ಉದುರುವುದಿಲ್ಲ, ಅಷ್ಟು ನನಗೂ ಗೊತ್ತು. ವೈದ್ಯರ ಕೊರತೆ ದೇಶಕ್ಕೆಲ್ಲ ಇದೆ. ಆದರೆ ಈ ಊರಿನ ಒಟ್ಟು ಜನ ಎಷ್ಟು, ಅವರಿಗೆ ಏನು ಕಡಿಮೆ ಇದೆ ಅಂತ ಒಂದೇ ಜಾಗದಲ್ಲಿ ಕೂತು ಲೆಕ್ಕ ಹಾಕುವವರು, ಡಬ್ಲಿನ್‌ಗೆ ಹೋಗಿ ಮೇಜು ಗುದ್ದಿ ಕೇಳುವವರು ಯಾರೂ ಇಲ್ಲವಲ್ಲ! ಅರ್ಧ ಲೆಕ್ಕ ಡಂಡಾಕ್‌ನಲ್ಲಿ, ಉಳಿದದ್ದು ನ್ಯಾವನ್‌ನಲ್ಲಿ. ನನಗೆ ಬೇಕಾಗಿರುವುದು ಜಗಳ ಆಡಲು ಒಂದು ಬಾಗಿಲು. ಅದಕ್ಕೇ ಸಿಟಿ ಮಾಡಿ ಅನ್ನುತ್ತಿದ್ದೇನೆ. ಅದಕ್ಕೇ ಕೌನ್ಸಿಲ್ ಕೊಡಿ ಅನ್ನುತ್ತಿದ್ದೇನೆ.

ವೆಸ್ಟ್ ಸ್ಟ್ರೀಟ್ ಅಂದೆನಲ್ಲ, ಒಮ್ಮೆ ಬನ್ನಿ. ಅಂಗಡಿಗಳ ಮೇಲಿನ ಮಹಡಿಗಳನ್ನು ತಲೆ ಎತ್ತಿ ನೋಡಿ. ಬಣ್ಣ ಕಿತ್ತುಹೋದ ಕಿಟಕಿ ಚೌಕಟ್ಟು, ಒಳಗಡೆ ಹಲಗೆ ಹೊಡೆದದ್ದು, ಮಳೆನೀರಿನ ತೊಟ್ಟಿಯಲ್ಲಿ ಬೇರುಬಿಟ್ಟು ಆಳೆತ್ತರ ಬೆಳೆದ ಗಿಡ. ಅದಕ್ಕೆ ನೇರಳೆ ಹೂವು ಬೇರೆ ಬಿಡುತ್ತದೆ, ಪ್ರವಾಸಿಗರು ಫೋಟೋ ತೆಗೆದುಕೊಳ್ಳುತ್ತಾರೆ. ಮನೆ ಇಲ್ಲ, ಮನೆ ಇಲ್ಲ ಅಂತ ದೇಶವೆಲ್ಲ ಬಾಯಿ ಬಡಿದುಕೊಳ್ಳುತ್ತಿರುವಾಗ ಊರಿನ ಮುಖ್ಯ ಬೀದಿಯ ಮೇಲೆ ಮಹಡಿಗಟ್ಟಲೆ ಖಾಲಿ. ವಸತಿ ಖಾತೆಯೂ ನಿಮ್ಮದೇ, ಅಲ್ವಾ?

ಸಿಟಿ ಆಗಲು ನಿಯಮ ಏನು ಅಂತ ಹುಡುಕಿ ಸಾಕಾಯಿತು. ಕರ್ನಾಟಕದಲ್ಲಿ ಮಹಾನಗರ ಪಾಲಿಕೆ ಆಗಬೇಕಾದರೆ 3 ಲಕ್ಷ ಜನ ಇರಬೇಕು ಅಂತ 1976ರ ಕಾಯ್ದೆಯಲ್ಲಿ ಬರೆದಿದೆ. ಸರಿಯೋ ತಪ್ಪೋ, ಒಂದು ಅಳತೆ ಅಂತ ಇದೆ. ನಿಮ್ಮಲ್ಲಿ ಅಳತೆಯೂ ಇಲ್ಲ, ಅರ್ಜಿಯೂ ಇಲ್ಲ. ಉತ್ತರ ಐರ್ಲೆಂಡಿನ ಗಡಿ ದಾಟಿದರೆ ನ್ಯೂರಿ ಇದೆ, ನಮಗಿಂತ ಚಿಕ್ಕದು. 2002ರಲ್ಲಿ ಇಂಗ್ಲೆಂಡಿನ ರಾಣಿಯ ಸುವರ್ಣ ಮಹೋತ್ಸವಕ್ಕೆ ಅದನ್ನೂ ಲಿಸ್ಬರ್ನನ್ನೂ ಸಿಟಿ ಮಾಡಿದರು. 2022ರಲ್ಲಿ ಬ್ಯಾಂಗರ್‌ಗೂ ಸಿಕ್ಕಿತು. ನಮಗೆ ರಾಣಿ ಇಲ್ಲ, ಬೇಡವೂ ಬೇಡ. ಮಂತ್ರಿ ಇದ್ದೀರಿ. ನೀವು ಮನಸ್ಸು ಮಾಡಬಹುದಲ್ವಾ?

ಇನ್ನೊಂದು ತಮಾಷೆ. 2019ರ ಪ್ರಾದೇಶಿಕ ಯೋಜನೆಯಲ್ಲಿ ಡ್ರಾಹೆಡಾ 2031ರ ಹೊತ್ತಿಗೆ 50,000 ಜನರ ಊರಾಗಿ, ಸಿಟಿಯ ಮಟ್ಟಕ್ಕೆ ಬೆಳೆಯಬೇಕು ಅಂತ ಬರೆದಿದ್ದಾರೆ. ಅಂದರೆ ಸಿಟಿಯಷ್ಟು ಮನೆ ಕಟ್ಟಿ, ಸಿಟಿಯಷ್ಟು ಟ್ರಾಫಿಕ್ ತಿನ್ನಿ, ಸಿಟಿಯಷ್ಟು ಜನರನ್ನು ರೈಲಿನಲ್ಲಿ ನಿಲ್ಲಿಸಿಕೊಂಡು ಹೋಗಿ. ಸಿಟಿ ಅಂತ ಮಾತ್ರ ಕೇಳಬೇಡಿ!

ಡಂಡಾಕ್‌ನವರು ಇದನ್ನು ಓದಿದರೆ ಮುಖ ಸಿಂಡರಿಸುತ್ತಾರೆ. ಅಲ್ಲಿ 43,112 ಜನ, ನಮಗಿಂತ ಸುಮಾರು ಸಾವಿರ ಕಡಿಮೆ ಅಷ್ಟೆ. ಅವರಿಗೂ ಬೇಕಾದರೆ ಅವರೂ ಕೇಳಲಿ, ನಾನು ಬೇಡ ಅನ್ನುವುದಿಲ್ಲ. ಎರಡೂ ಊರಿನವರನ್ನು ಕಾಯಿಸಿ, ಪರಸ್ಪರ ಹೊಟ್ಟೆಕಿಚ್ಚು ಪಡಿಸಿ, ಯಾರಿಗೂ ಕೊಡದೆ ಇರುವುದು ಸುಲಭದ ಉಪಾಯ. ಅದನ್ನು ನಾವು ಬೇರೆ ಕಡೆಯೂ ನೋಡಿ ಬಂದಿದ್ದೇವೆ. 2024ರಲ್ಲಿ ಡ್ರಾಹೆಡಾ ಯುನೈಟೆಡ್ ಎಫ್‌ಎಐ ಕಪ್ ಗೆದ್ದಾಗ ಇಡೀ ಊರು ಬೀದಿಗೆ ಬಂದಿತ್ತು. ಫುಟ್‌ಬಾಲ್ ನನಗೆ ಅಷ್ಟಕ್ಕಷ್ಟೆ, ಆದರೂ ಹೋಗಿ ಕೂಗಿದೆ. ಆ ಗುಂಪಿನಲ್ಲಿ ಯಾರು ಲೌತ್, ಯಾರು ಮೀತ್ ಅಂತ ಯಾರೂ ಏರ್‌ಕೋಡ್ ಕೇಳಲಿಲ್ಲ.

ದಯವಿಟ್ಟು "ಸದ್ಯಕ್ಕೆ ಅಂತಹ ಯೋಜನೆ ಇಲ್ಲ" ಅಂತ ಮತ್ತೆ ಹೇಳಬೇಡಿ. ಅದು ನಮಗೆ ಬಾಯಿಪಾಠ ಆಗಿದೆ. ಕಿಲ್ಕೆನಿಗೆ ಬರೆದ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿ. ಆದರೆ ಸುಮ್ನೆ ಹೆಸರು ಕೊಟ್ಟು ಕೈತೊಳೆದುಕೊಂಡರೆ ಆಗುವುದಿಲ್ಲ, ಬರೀ ಹೆಸರು ಕಿಲ್ಕೆನಿಗೂ ಜಾಸ್ತಿ ಏನೂ ಕೊಟ್ಟಿಲ್ಲ. ನದಿಯ ಎರಡೂ ಕಡೆ ಸೇರಿಸಿ ಒಂದು ಗಡಿ ಎಳೆಯಿರಿ, ಒಂದು ಕೌನ್ಸಿಲ್ ಮಾಡಿ, ಅದರ ಕೈಯಲ್ಲಿ ದುಡ್ಡು ಇಡಿ. ಮುಂದಿನ ಸ್ಥಳೀಯ ಚುನಾವಣೆ 2029ರಲ್ಲಿ ಬರುತ್ತದೆ, ಟೈಮ್ ಬೇಕಾದಷ್ಟಿದೆ. ಆಗ ನನ್ನ ಕೈಗೆ ಬರುವ ಓಟಿನ ಚೀಟಿ ಡ್ರಾಹೆಡಾ ಸಿಟಿ ಕೌನ್ಸಿಲ್‌ನದ್ದಾಗಿರಬೇಕು.

ಇಂತಿ,
ಮೀತ್ ಅನ್ನುವವರಿಗೆ ಮೀತ್‌ನ, ಡ್ರಾಹೆಡಾ ಅನ್ನುವವರಿಗೆ ಡ್ರಾಹೆಡಾದ,
ತೆರಿಗೆ ಮಾತ್ರ ತಪ್ಪದೆ ಕಟ್ಟುತ್ತಿರುವ ಒಬ್ಬ ಕನ್ನಡಿಗ