ಕೋಚ್ ಅವರಿಗೆ, ಬಾಲ್ಟಿಮೋರ್ ಸುತ್ತಲಿನ ಕನ್ನಡ ಮನೆಗಳಿಂದ

ಮೂರು ದಶಕಗಳಿಗೂ ಹೆಚ್ಚು ಕಾಲ ನಮ್ಮ ಮಕ್ಕಳ ಹೈಸ್ಕೂಲಿನ ಹುಡುಗಿಯರ ಲ್ಯಾಕ್ರೋಸ್ (ತುದಿಗೆ ಬಲೆ ಕಟ್ಟಿದ ಕೋಲಿನಿಂದ ಚೆಂಡನ್ನು ಹಿಡಿದು, ಎಸೆದು, ಗೋಲು ಹೊಡೆಯುವ ಆಟ) ತಂಡವನ್ನು ಕಟ್ಟಿ ಬೆಳೆಸಿದ ಕೋಚ್ ಈ ವರ್ಷ ನಿವೃತ್ತರಾಗಿದ್ದಾರೆ. ಅವರ ಗೆಲುವುಗಳ ಲೆಕ್ಕವನ್ನು ಬೀಳ್ಕೊಡುಗೆ ಸಮಾರಂಭದಲ್ಲಿ ಹಲವರು ಒಪ್ಪಿಸಿದರು. ಬಾಲ್ಟಿಮೋರ್ ಸುತ್ತಮುತ್ತಲಿನ ನಮ್ಮಂಥ ಕೆಲವು ಕನ್ನಡ ಕುಟುಂಬಗಳ ಮೇಲಿರುವ ಅವರ ಋಣ ಆ ಲೆಕ್ಕಕ್ಕೆ ಸಿಗುವಂಥದ್ದಲ್ಲವಾದ್ದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ಹೆಸರು ಹಾಕಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ಹೇಗೂ ನಮಗೆಲ್ಲ ಅವರು ಕೋಚ್ ಅಷ್ಟೇ.

ಬಾಲ್ಟಿಮೋರ್ ಇರುವ ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2004ರಲ್ಲಿ ಲ್ಯಾಕ್ರೋಸನ್ನು ರಾಜ್ಯದ ಅಧಿಕೃತ ತಂಡ ಕ್ರೀಡೆಯೆಂದು ಘೋಷಿಸಿತು. (ಕುದುರೆಯೇರಿ ಈಟಿ ಹಿಡಿದು ಆಡುವ ಜೌಸ್ಟಿಂಗ್ 1962ರಿಂದಲೂ ಇಲ್ಲಿನ ರಾಜ್ಯ ಕ್ರೀಡೆ, ಅದನ್ನು ಆಡುವವರನ್ನು ನಾನಂತೂ ಇನ್ನೂ ಕಂಡಿಲ್ಲ.) ಇಲ್ಲಿನ ಅನೇಕ ಮನೆಗಳಲ್ಲಿ ಅಕ್ಷರಾಭ್ಯಾಸದ ವಯಸ್ಸಿಗೇ ಮಕ್ಕಳ ಕೈಗೆ ಬಲೆಕಟ್ಟಿದ ಕೋಲು ಬಂದಿರುತ್ತದೆ. ನಮ್ಮ ಹುಡುಗಿಯರು ಅದನ್ನು ಮೊದಲು ಮುಟ್ಟಿದ್ದೇ ಒಂಬತ್ತನೆಯ ತರಗತಿಯಲ್ಲಿ. ಅಂಥವರಿಗೆ ತಂಡದಲ್ಲಿ ಜಾಗ ಸಿಗುವುದು ಸುಲಭವಲ್ಲ. ಕೋಚ್ ಜಾಗ ಕೊಟ್ಟರು, ಮತ್ತು ಅದನ್ನು ಕರುಣೆಯಿಂದ ಕೊಟ್ಟಂತೆ ಒಮ್ಮೆಯೂ ತೋರಗೊಡಲಿಲ್ಲ.

ಅದಕ್ಕೆ ಅವರದೇ ಒಂದು ಕ್ರಮವಿತ್ತು. ನೆಲಕ್ಕೆ ಬಿದ್ದು ಯಾರ ವಶದಲ್ಲೂ ಇಲ್ಲದ ಚೆಂಡನ್ನು ಬಗ್ಗಿ, ಓಡುತ್ತಲೇ ಕೋಲಿನ ಬಲೆಗೆ ತುಂಬಿಕೊಳ್ಳುವುದನ್ನು ಗ್ರೌಂಡ್ ಬಾಲ್ ಎನ್ನುತ್ತಾರೆ. ಪಂದ್ಯ ಮುಗಿದ ಮೇಲೆ ಕೋಚ್ ತಮ್ಮ ನೋಟ್‌ಬುಕ್ ತೆರೆದು, ಗೋಲುಗಳ ವಿಷಯಕ್ಕೆ ಬರುವ ಮೊದಲು, ಯಾರು ಎಷ್ಟು ಗ್ರೌಂಡ್ ಬಾಲ್ ಗೆದ್ದರೆಂದು ಓದುತ್ತಿದ್ದರು. ಹತ್ತು ವರ್ಷ ಆಡಿದವಳ ಕೈಚಳಕ ಹೊಸಬಳಿಗೆ ಒಂದು ಋತುವಿನಲ್ಲಿ ಬಾರದು, ಆದರೆ ಚೆಂಡಿನ ಬಳಿಗೆ ಮೊದಲು ಓಡುವುದು ಅವಳಿಂದಲೂ ಆಗುತ್ತದೆ ಎಂಬುದು ಅವರ ವಾದ. ನಮ್ಮ ಮಕ್ಕಳ ಹೆಸರುಗಳು ಮೊದಲು ಕೇಳಿಬಂದದ್ದು ಆ ಪಟ್ಟಿಯಲ್ಲಿಯೇ, ಅದೂ ಉಚ್ಚಾರಣೆ ತಪ್ಪದೆ.

ಹುಡುಗಿಯರ ಆಟದಲ್ಲಿ ಕೋಲಿನ ಬಲೆ ಆಳವಾಗಿರಬಾರದು. ಕೋಲನ್ನು ಕಣ್ಣಿನ ಮಟ್ಟಕ್ಕೆ ಅಡ್ಡವಾಗಿ ಹಿಡಿದಾಗ ಚೆಂಡಿನ ನೆತ್ತಿ ಅಂಚಿನ ಮೇಲೆ ಕಾಣಬೇಕು. ಮಳೆಯಲ್ಲಿ ನೆನೆದ ಚರ್ಮದ ಪಟ್ಟಿಗಳು ಸಡಿಲಗೊಂಡು ಬಲೆ ಜೋತುಬಿದ್ದರೆ ಅಂಪೈರ್ ಆ ಕೋಲನ್ನು ಒಪ್ಪುವುದಿಲ್ಲ. ಮಾರ್ಚ್ ತಿಂಗಳ ಚಳಿಯಲ್ಲಿ ಕೋಚ್ ಬೆಂಚಿನ ತುದಿಯಲ್ಲಿ ಕುಳಿತು, ಕೈಗವಸು ಬಿಚ್ಚಿ ಹಲ್ಲಿನಲ್ಲಿ ಕಚ್ಚಿಕೊಂಡು, ನನ್ನ ಮಗಳ ಕೋಲಿನ ಪಟ್ಟಿಗಳನ್ನು ಒಂದೊಂದಾಗಿ ಬಿಗಿದುಕೊಟ್ಟದ್ದನ್ನು ನಾನು ನೋಡಿದ್ದೇನೆ. ಹಗಲೆಲ್ಲ ಜೀವಶಾಸ್ತ್ರ ಪಾಠ ಮಾಡಿ ದಣಿದು ಬಂದವರು ಅವರು. ಶಾಲಾ ಕೋಚ್‌ಗಳಿಗೆ ಋತುವಿಗೊಮ್ಮೆ ಸಿಗುವ ಗೌರವಧನ ಇಷ್ಟು ದುಡಿಮೆಗೆ ಯಾವ ಮೂಲೆಗೂ ಸಾಲದು.

ಪೋಷಕರಿಗೂ ಅವರು ಮೇಷ್ಟರೇ ಆಗಿದ್ದರು. ಈ ಆಟ ಹೌಡೆನೊಶೋನಿ ಮುಂತಾದ ಮೂಲನಿವಾಸಿ ಜನರದ್ದು ಎಂಬುದನ್ನೂ, 1926ರಲ್ಲಿ ಬಾಲ್ಟಿಮೋರಿನ ಬ್ರಿನ್ ಮಾರ್ ಶಾಲೆಯಲ್ಲಿ ರೋಸಾಬೆಲ್ ಸಿಂಕ್ಲೇರ್ ಹುಡುಗಿಯರ ತಂಡ ಕಟ್ಟಿದ್ದನ್ನೂ ಪ್ರತಿ ವರ್ಷದ ಮೊದಲ ಸಭೆಯಲ್ಲಿ ಹೇಳುತ್ತಿದ್ದರು. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಯವರು, ಗೋಲಿಗೆ ಅಡ್ಡ ನಿಂತ ಹುಡುಗಿಯನ್ನು ಅಂಪೈರ್ ಏಕೆ ತಪ್ಪಿತಸ್ಥಳೆಂದರೆಂದು ನನ್ನ ಮೂಲಕ ಕೇಳಿಸಿದಾಗ, ಗೋಲ್‌ಕೀಪರ್ ಬಿಟ್ಟು ಉಳಿದವರಿಗೆ ಹೆಲ್ಮೆಟ್ ಕಡ್ಡಾಯವಿಲ್ಲವೆಂದೂ, ಹಾಗಾಗಿ ದೂರದಲ್ಲಿ ನಿಂತು ಚೆಂಡಿಗೆ ಮೈಯೊಡ್ಡದೆ ಎದುರಾಳಿಯ ಕೋಲಿನಳತೆಯೊಳಗೆ ಹೋಗಿ ತಡೆಯಬೇಕೆಂದೂ ಕೋಚ್ ತಮ್ಮ ಕೋಲನ್ನೇ ಹಿಡಿದು ತೋರಿಸಿದರು. ಮುಂದಿನ ಪಂದ್ಯದಲ್ಲಿ ಆ ತಪ್ಪನ್ನು ಅಂಪೈರಿಗಿಂತ ಮೊದಲು ಕೂಗಿ ಹೇಳಿದವರು ಅತ್ತೆಯವರೇ.

2020ರಲ್ಲಿ ಕೊರೋನಾದಿಂದ ರಾಜ್ಯದ ಶಾಲೆಗಳ ವಸಂತದ ಪಂದ್ಯಗಳೆಲ್ಲ ರದ್ದಾದಾಗ, ಕೊನೆಯ ವರ್ಷದ ಹುಡುಗಿಯರ ಮನೆಬಾಗಿಲಿಗೆ ಅವರವರ ಜೆರ್ಸಿಯನ್ನು ಕೋಚ್ ತಾವೇ ತಲುಪಿಸಿದರು. ನಮ್ಮ ದೊಡ್ಡ ಮಗಳು ಅವರಲ್ಲೊಬ್ಬಳು.

ಕೋಚ್, ನಿಮಗೆ ನಮ್ಮೆಲ್ಲರ ಹೃತ್ಪೂರ್ವಕ ಕೃತಜ್ಞತೆಗಳು. ಪ್ರತಿ ವಸಂತದ ಸಂಜೆಗಳನ್ನು ನಮ್ಮ ಮಕ್ಕಳಿಗೆ ಬಿಟ್ಟುಕೊಟ್ಟ ನಿಮ್ಮ ಮನೆಯವರಿಗೂ ನಾವು ಋಣಿಗಳು. ನಿಮ್ಮ ಸ್ಥಾನಕ್ಕೆ ಬರುತ್ತಿರುವವರು ನಿಮ್ಮದೇ ಹಳೆಯ ಆಟಗಾರ್ತಿ. ಗ್ರೌಂಡ್ ಬಾಲ್ ಲೆಕ್ಕ ಬರೆಯಲು ಅವರು ಪೋಷಕರ ನೆರವು ಕೇಳಿದ್ದಾರೆ, ನಮ್ಮಲ್ಲಿ ಮೂವರು ಆಗಲೇ ಹೆಸರು ಕೊಟ್ಟಿದ್ದೇವೆ.